ಓರೆನೋಟಕ್ಕೆ ಸಿಗುವ ಅರಮನೆ

ಬೆನ್ನು ಎದುರುಗೋಡೆಗೆ ತಾಗುವ ತನಕ ಹಿಂದೆ ಸರಿದೆ. ಮೊಬೈಲನ್ನು ಅಡ್ಡ ಹಿಡಿದೆ, ಉದ್ದ ಹಿಡಿದೆ, ಕೊನೆಗೆ ಮಂಡಿಯೂರಿ ಕೂತೂ ನೋಡಿದೆ. ಎರಡು ಕಿಟಕಿ, ಮೂರು ಅರೆಗಂಬ. ಅದಕ್ಕಿಂತ ಹೆಚ್ಚು ಚೌಕಟ್ಟಿಗೆ ಬಗ್ಗಲೇ ಇಲ್ಲ. ಅಷ್ಟರಲ್ಲಿ ಸಾಮಾನು ಇಳಿಸುವ ವ್ಯಾನೊಂದು ಬಂದು ಹಾರ್ನ್ ಹೊಡೆದದ್ದರಿಂದ ಎದ್ದು ಗೋಡೆಗೆ ಅಂಟಿ ನಿಂತೆ. ವಿಯಾ ದಿ ಪ್ರೊಪಗಾಂದಾ ಎಂಬ ಈ ರೋಮಿನ ಬೀದಿ ಅಷ್ಟು ಇಕ್ಕಟ್ಟು. ನಮ್ಮ ವಿಜಯಪುರದ ಹಳೆ ಪೇಟೆಯ ಗಲ್ಲಿಗಳಲ್ಲಿ ಬೆಳೆದವನಿಗೆ ಇಕ್ಕಟ್ಟು ಹೊಸದಲ್ಲ. ಆದರೆ ಇಷ್ಟು ದೊಡ್ಡ ಕಲಾವಿದನೊಬ್ಬ ಇಷ್ಟು ದೊಡ್ಡ ಮುಖಭಾಗವನ್ನು, ಎದುರು ನಿಂತು ನೋಡಲು ಜಾಗವೇ ಇಲ್ಲದ ಕಡೆ ಕಟ್ಟಿದ್ದೇಕೆ ಎಂಬುದು ತಲೆಗೆ ಹೋಗಲಿಲ್ಲ.

"ಎದುರು ನಿಂತು ನೋಡುವುದಲ್ಲ ಮಾರಾಯ್ರೆ ಇದನ್ನು. ನಡೀತಾ ನೋಡಬೇಕು" ಎಂದರು ಜೊತೆಗಿದ್ದ ಫಾದರ್. ಮಂಗಳೂರಿನವರು, ಓದಲು ಬಂದು ರೋಮಿನಲ್ಲಿ ಮೂರು ವರ್ಷವಾಗಿದೆ. ನನ್ನೂರು ಯಾವುದೆಂದು ಕೇಳಿ, ವಿಜಯಪುರ ಎಂದಾಗ ಯಾಕೋ ಜೋರಾಗಿ ನಕ್ಕಿದ್ದರು. ಕಾರಣ ಕೇಳಿದರೆ, "ಒಳಗೆ ಹೋದ ಮೇಲೆ ಹೇಳ್ತೇನೆ" ಎಂದು ದಾಟಿಸಿದ್ದರು.

ಕಟ್ಟಡದ ಹೆಸರು ಪಲಾತ್ಸೊ ದಿ ಪ್ರೊಪಗಾಂದಾ ಫೀದೆ. 1622ರ ಜೂನ್‌ನಲ್ಲಿ ಪೋಪ್ ಹದಿನೈದನೆಯ ಗ್ರೆಗರಿ, ಲೋಕದ ಎಲ್ಲ ಕಡೆಯ ಕ್ಯಾಥೊಲಿಕ್ ಮಿಶನರಿ ಕೆಲಸವನ್ನು ನೋಡಿಕೊಳ್ಳಲು ಕಾರ್ಡಿನಲ್‌ಗಳ ಒಂದು ಮಂಡಳಿಯನ್ನು ಸ್ಥಾಪಿಸಿದ. ಅದೇ ವರ್ಷ ಮಾರ್ಚ್‌ನಲ್ಲಿ ಗೋವೆಯ ಫ್ರಾನ್ಸಿಸ್ ಕ್ಸೇವಿಯರ್‌ಗೆ ಸಂತ ಪದವಿಯನ್ನೂ ಅವನೇ ಕೊಟ್ಟಿದ್ದ. ಮಂಡಳಿಯ ಹೆಸರಿನಲ್ಲಿದ್ದ ಲ್ಯಾಟಿನ್ ಪದ 'ಪ್ರೊಪಗಾಂದಾ' ಮುಂದೆ ಎಲ್ಲ ಭಾಷೆಗಳಿಗೂ ಹೋಗಿ ಹೆಸರು ಕೆಡಿಸಿಕೊಂಡಿತು. ಮೂಲದಲ್ಲಿ ಅದು ತೋಟಗಾರರ ಮಾತು. ಬಳ್ಳಿಯ ಕುಡಿಯನ್ನು ಬಾಗಿಸಿ, ಮಣ್ಣು ಮುಚ್ಚಿ, ಬೇರು ಬಿಟ್ಟ ಮೇಲೆ ತಾಯಿಬಳ್ಳಿಯಿಂದ ಕತ್ತರಿಸುವ ಕೆಲಸಕ್ಕೆ ಸಂಬಂಧಿಸಿದ್ದು. ನಮ್ಮ ಕಡೆಯ ದ್ರಾಕ್ಷಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕತ್ತರಿಸುವ ಹೊತ್ತು ಯಾವಾಗ ಎಂಬುದೇ ಅಲ್ಲಿ ಜಗಳದ ವಿಷಯ, ಇಲ್ಲಿಯೂ ಅದೇ ಆಯಿತು. ಆ ಕಥೆ ಮುಂದೆ ಬರುತ್ತದೆ.

ಮಂಡಳಿಗೆ ಮನೆ ಇರಲಿಲ್ಲ. ಹ್ವಾನ್ ಬತಿಸ್ತಾ ವಿವೆಸ್ ಎಂಬ ಸ್ಪೇನಿನ ಧರ್ಮಾಧಿಕಾರಿ 1626ರಲ್ಲಿ ಇಲ್ಲಿದ್ದ ತನ್ನ ಅರಮನೆಯನ್ನು ಬಿಟ್ಟುಕೊಟ್ಟ. ಮರುವರ್ಷ, 1627ರಲ್ಲಿ, ಪೋಪ್ ಎಂಟನೆಯ ಉರ್ಬಾನ್ ಅದರೊಳಗೆ ಒಂದು ಕಾಲೇಜು ತೆರೆದು ತನ್ನ ಹೆಸರನ್ನೇ ಇಟ್ಟ: ಕೊಲೆಜಿಯೊ ಉರ್ಬಾನೊ. ದೂರದ ನಾಡುಗಳ ಹುಡುಗರನ್ನು ಕರೆತಂದು, ಓದಿಸಿ, ಪಾದ್ರಿಗಳನ್ನಾಗಿ ಮಾಡಿ, ಅವರವರ ನಾಡಿಗೇ ವಾಪಸು ಕಳಿಸುವ ಕಾಲೇಜು. ವಾಪಸು ಹೋಗುತ್ತೇನೆಂದು ಹುಡುಗರು ಪ್ರಮಾಣ ಮಾಡಬೇಕಿತ್ತು. ಹೋದ ಮೇಲೂ ಇಲ್ಲಿಗೆ ಕಾಗದ ಬರೆಯುತ್ತಿರಬೇಕಿತ್ತು. ಪೋಪನ ಸೋದರ ಕಾರ್ಡಿನಲ್ ಅಂತೋನಿಯೊ ಬಾರ್ಬೆರಿನಿ ತನ್ನ ಹಣದಲ್ಲಿ ಜಾರ್ಜಿಯ, ಪರ್ಷಿಯ, ಈಜಿಪ್ಟಿನ ಕಾಪ್ಟರು ಎಂದು ಒಂದೊಂದು ಸಮುದಾಯಕ್ಕೂ ಸ್ಥಾನ ಕಾದಿರಿಸಿದ. ಬಳಿಕ ಇಥಿಯೋಪಿಯ ಮತ್ತು ಇಂಡಿಯದ ಹುಡುಗರಿಗೂ. ಬರೋಕ್ ಕಾಲದ ಹಾಸ್ಟೆಲ್ ಸೀಟು ಎನ್ನಿ.

1627 ನಮಗೂ ನೆನಪಿರಬೇಕಾದ ವರ್ಷ. ಆ ವರ್ಷ ನಮ್ಮೂರಲ್ಲಿ, ಆಗಿನ ಬಿಜಾಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹಿ ತೀರಿಕೊಂಡು ಮಗ ಮುಹಮ್ಮದ್ ಪಟ್ಟಕ್ಕೆ ಬಂದ. ಗೋಳಗುಮ್ಮಟದ ಮುಹಮ್ಮದ್.

ಇಕ್ಕಟ್ಟಿನ ಬೀದಿಯಿಂದ ಫಾದರ್ ನನ್ನನ್ನು ಮೊದಲು ಕಟ್ಟಡದ ಇನ್ನೊಂದು ತುದಿಗೆ, ಬಯಲಿಗೆ, ಕರೆದುಕೊಂಡು ಬಂದರು. ಪಿಯಾತ್ಸಾ ದಿ ಸ್ಪಾನ್ಯಾ, ಸ್ಪೇನ್ ಚೌಕ. ರೋಮಿಗೆ ಬಂದವರೆಲ್ಲ ತುಳಿಯುವ ಜಾಗ. ಮೆಟ್ಟಿಲು, ಕಾರಂಜಿ, ಕೀಟ್ಸ್ ಕವಿ ಸತ್ತ ಮನೆ, ಬೆಲೆ ಕೇಳಲೂ ಹೆದರಿಕೆಯಾಗುವ ಅಂಗಡಿಗಳು. ಅದೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ. ಹೇಳಬೇಕಾದ್ದು ಇಷ್ಟೇ: ಆ ಹೆಸರುವಾಸಿ ಮೆಟ್ಟಿಲುಗಳನ್ನು ಕಟ್ಟಿದ್ದು 1720ರ ದಶಕದಲ್ಲಿ. ನಮ್ಮ ಅರಮನೆ ಮುಗಿದು ಅರವತ್ತು ವರ್ಷ ಆಗಿತ್ತು.

ಚೌಕದ ದಕ್ಷಿಣದ ತುದಿಯಲ್ಲಿ ಹಳೆಯ ರೋಮನ್ ಅಮೃತಶಿಲೆಯ ಕಂಬದ ಮೇಲೆ ಮರಿಯಮ್ಮನವರ ಪ್ರತಿಮೆ. 1850ರ ದಶಕದಲ್ಲಿ ಇದನ್ನು ಎಬ್ಬಿಸಿ ನಿಲ್ಲಿಸಿದವರು ಅಗ್ನಿಶಾಮಕ ದಳದವರು. ಆ ಋಣಕ್ಕೆ ಈಗಲೂ ಪ್ರತಿ ಡಿಸೆಂಬರ್ 8ರ ಬೆಳಿಗ್ಗೆ ಏಣಿ ಹಾಕಿ ಮೇಲೆ ಹೋಗಿ ಪ್ರತಿಮೆಯ ತೋಳಿಗೆ ಹೂವಿನ ಹಾರ ಹಾಕುವವರೂ ಅವರೇ. ಮಧ್ಯಾಹ್ನದ ಮೇಲೆ ಪೋಪ್ ಬರುತ್ತಾರೆ. ಕಂಬದ ಹಿಂದೆ, ಎರಡು ಬೀದಿ ಕವಲೊಡೆಯುವ ಜಾಗದಲ್ಲಿ, ಹಡಗಿನ ಮೂತಿಯಂತೆ ಚೌಕಕ್ಕೆ ಚಾಚಿಕೊಂಡು ಅರಮನೆಯ ಈ ಬದಿಯ ಮುಖ.

ಇದು ಶಿಲ್ಪಿ ಬೆರ್ನಿನಿಯ ಕೆಲಸ, 1640ರ ದಶಕದ ಮೊದಲ ವರ್ಷಗಳದ್ದು. ಸರಳವಾದ ಇಟ್ಟಿಗೆಯ ಮುಖ, ಮೇಲೆ ಉರ್ಬಾನ್ ಪೋಪನ ಬಾರ್ಬೆರಿನಿ ಮನೆತನದ ಲಾಂಛನ: ಮೂರು ಜೇನುನೊಣ. ರೋಮ್ ತುಂಬ ಈ ನೊಣಗಳು ಕೂತಿವೆ, ಒಮ್ಮೆ ಗುರುತು ಸಿಕ್ಕರೆ ಎಲ್ಲೆಲ್ಲೂ ಕಾಣತೊಡಗುತ್ತವೆ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಕಲ್ಲನ್ನು ಮೇಣದಂತೆ ಕರಗಿಸಿದವನ ಹೆಸರು ಹೇಳಿ ಇದನ್ನು ತೋರಿಸಿದರೆ, ಒಳ್ಳೆ ಅಡುಗೆಯವನ ಮನೆಗೆ ಊಟಕ್ಕೆ ಹೋಗಿ ಅನ್ನ ಸಾರು ಉಂಡು ಬಂದ ಹಾಗೆ. ಆದರೆ ಇದು ಕಚೇರಿಯ ಮುಖ. ಎದುರುಬದಿಯಲ್ಲೇ ಸ್ಪೇನ್ ದೇಶದ ರಾಯಭಾರಿಯ ಅರಮನೆ. ಗಾಂಭೀರ್ಯವೇ ಬೇಕಿತ್ತೇನೋ.

ಬೆರ್ನಿನಿ ಅದಕ್ಕೂ ಮೊದಲು, 1634ರಲ್ಲಿ, ಒಳಗೆ ಒಂದು ಪುಟ್ಟ ಇಗರ್ಜಿಯನ್ನೂ ಕಟ್ಟಿದ್ದ. ಮೊಟ್ಟೆಯಾಕಾರದ್ದು. ಕ್ರಿಸ್ತನನ್ನು ನೋಡಲು ಮೂಡಣದಿಂದ ಬಂದ ಮೂವರು ಜ್ಞಾನಿಗಳ ಹೆಸರಿನದು. ಯೆಹೂದ್ಯರಲ್ಲದ ಪರದೇಶಿಗಳಲ್ಲಿ ಮೊದಲು ಬಂದು ಅಡ್ಡಬಿದ್ದವರು ಅವರೇ ಎಂಬ ನಂಬಿಕೆ ಇರುವುದರಿಂದ, ಪರದೇಶಿ ಹುಡುಗರ ಕಾಲೇಜಿಗೆ ತಕ್ಕ ಹೆಸರೇ. ಆ ಇಗರ್ಜಿ ಈಗಿಲ್ಲ. ಕೆಡವಿದವನು ಫ್ರಾಂಚೆಸ್ಕೊ ಬೊರೊಮಿನಿ, ಇಕ್ಕಟ್ಟಿನ ಬೀದಿಯ ಆ ಮುಖಭಾಗವನ್ನು ಕಟ್ಟಿದ ವಾಸ್ತುಶಿಲ್ಪಿ.

ಗೈಡುಗಳಿಗೆ ಅನ್ನ ಕೊಡುವುದೇ ಇವರಿಬ್ಬರ ಜಗಳ. ಬೆರ್ನಿನಿ 1598ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿದವನು, ಶಿಲ್ಪಿಯ ಮಗ, ಮಾತುಗಾರ, ಪೋಪರ ಮುದ್ದಿನವನು. ಬೊರೊಮಿನಿ ಮರುವರ್ಷ ಲುಗಾನೊ ಸರೋವರದ ದಂಡೆಯ ಬಿಸ್ಸೋನೆಯಲ್ಲಿ ಹುಟ್ಟಿದವನು, ಕಲ್ಲುಕುಟಿಗನಾಗಿ ಕೆಲಸ ಕಲಿತವನು, ಮುಂಗೋಪಿ, ಕರಿಯ ಉಡುಪು ತೊಟ್ಟು ಒಬ್ಬಂಟಿಯಾಗಿ ಓಡಾಡುವವನು. ಸಂತ ಪೇತ್ರನ ಮಹಾದೇಗುಲದಲ್ಲಿ ಬೆರ್ನಿನಿಯ ಕೈಕೆಳಗೆ ದುಡಿದು, ತನ್ನ ಶ್ರಮಕ್ಕೆ ಹೆಸರು ಬೆರ್ನಿನಿಗೆ ಬಂತೆಂದು ಕುದಿದವನು. 1644ರಲ್ಲಿ ಉರ್ಬಾನ್ ಸತ್ತು ಹತ್ತನೆಯ ಇನ್ನೊಸೆಂಟ್ ಬಂದಾಗ ಗಾಳಿ ತಿರುಗಿತು. ಬೆರ್ನಿನಿ ಸಂತ ಪೇತ್ರಕ್ಕೆ ಕಟ್ಟಿದ ಗಂಟೆಗೋಪುರದಿಂದ ಕೆಳಗಿನ ಗೋಡೆ ಬಿರುಕು ಬಿಟ್ಟಿತೆಂಬ ದೂರು ಎದ್ದು, 1646ರಲ್ಲಿ ಗೋಪುರವನ್ನೇ ಇಳಿಸಿಬಿಟ್ಟರು. ಅದೇ ವರ್ಷ ಪ್ರೊಪಗಾಂದಾದ ವಾಸ್ತುಶಿಲ್ಪಿಯ ಹುದ್ದೆ ಬೊರೊಮಿನಿಯ ಕೈಗೆ ಬಂತು.

ಕೆಲಸ ಇಪ್ಪತ್ತು ವರ್ಷ ಎಳೆಯಿತು. ಹಳೆಯ ಮನೆಗಳನ್ನು ಒಂದೊಂದಾಗಿ ಕೊಂಡು, ಒಡೆದು, ಸೇರಿಸಿಕೊಳ್ಳುತ್ತ ಕಟ್ಟಬೇಕು. ಒಂದೇ ಗೋಡೆಯೊಳಗೆ ಹುಡುಗರ ಕೋಣೆ, ಪಾಠದ ಮನೆ, ಕಾರ್ಡಿನಲ್‌ಗಳ ಸಭೆ, ಅಚ್ಚುಕೂಟ, ಇಗರ್ಜಿ ಎಲ್ಲವೂ ಹಿಡಿಸಬೇಕು. 1660ರ ಹೊತ್ತಿಗೆ ಬೆರ್ನಿನಿಯ ಮೊಟ್ಟೆಯಿಗರ್ಜಿಗೆ ಹಾರೆ ಬಿತ್ತು. ತಮಾಷೆಯೆಂದರೆ ಬೆರ್ನಿನಿಯ ಸ್ವಂತ ಮನೆ ಇದ್ದದ್ದು ಹಿಂದಿನ ವಿಯಾ ದೆಲ್ಲಾ ಮೆರ್ಚೆದೆ ಬೀದಿಯಲ್ಲಿ, ಕೂಗಳತೆಯ ದೂರ. ತಾನು ಕಟ್ಟಿದ್ದನ್ನು ಶತ್ರು ಕೆಡವುವ ಸದ್ದು ಕೇಳುತ್ತ ಮುಂಜಾನೆ ಏಳುವುದು ಯಾರಿಗೂ ಬೇಡ.

ಆ ಮನೆಗೆ ಮುಖ ಮಾಡಿ ಬೊರೊಮಿನಿ ಕತ್ತೆಕಿವಿ ಕೆತ್ತಿಸಿದನಂತೆ. ಬೆರ್ನಿನಿ ತನ್ನ ಗೋಡೆಯ ಮೇಲೆ, ಇಲ್ಲಿ ಬರೆಯಲಾಗದ ಒಂದು ಅಂಗವನ್ನು ಕೆತ್ತಿಸಿ ಉತ್ತರ ಕೊಟ್ಟನಂತೆ. ಮರ್ಯಾದೆಗೆ ಅಂಜಿ ಎರಡನ್ನೂ ತೆಗೆಸಿದರಂತೆ. ಎಲ್ಲವೂ 'ಅಂತೆ'. ಇದನ್ನು ಹೇಳುವಾಗ ಫಾದರ್ ನನ್ನ ಮುಖ ನೋಡಲಿಲ್ಲ, ಆದರೆ ಹೇಳದೆ ಬಿಡಲೂ ಇಲ್ಲ.

ಮತ್ತೆ ಇಕ್ಕಟ್ಟಿನ ಬೀದಿಗೆ ಬಂದೆವು. ಈ ಸಲ ನಿಲ್ಲದೆ, ಗೋಡೆಯ ಬದಿ ಹಿಡಿದು ನಿಧಾನ ನಡೆದೆವು. ಆಗ ಕಟ್ಟಡ ಅಲುಗತೊಡಗಿತು.

ಉತ್ಪ್ರೇಕ್ಷೆ ಅಲ್ಲ. ನೆಲದಿಂದ ಮೇಲಿನ ಲೋವೆಯವರೆಗೆ ದೈತ್ಯ ಅರೆಗಂಬಗಳು, ಅವುಗಳ ನಡುವೆ ಏಳು ಅಂಕಣ. ಅರೆಗಂಬದ ತಲೆಯಲ್ಲಿ ಬೋದಿಗೆ ಇರಬೇಕಾದ ಕಡೆ ಎಲೆ ಇಲ್ಲ, ಸುರುಳಿ ಇಲ್ಲ; ಸಾಲಾಗಿ ಕೊರೆದ ನಾಲ್ಕಾರು ಲಂಬ ಗೀರು ಮಾತ್ರ. ಹೂವಿನ ಕೆತ್ತನೆಗೆ ಉಳಿ ಎತ್ತಿದವನು ಅಳತೆಯ ಗೆರೆ ಹಾಕಿ ಅಷ್ಟಕ್ಕೇ ಕೈಬಿಟ್ಟಂತೆ. ಆ ಬಿಗುವಿಗೆ ಎದುರಾಗಿ ಕಿಟಕಿಗಳದ್ದು ಬೇರೆಯೇ ಸ್ವಭಾವ. ಕೆಳ ಅಂತಸ್ತಿನವು ಜೈಲಿನ ಕಿಟಕಿಗಳ ಹಾಗೆ ಬರಿದು. ಮೊದಲ ಮಹಡಿಯವು ಮಾತ್ರ ಒಂದೊಂದೂ ಒಂದು ಪುಟ್ಟ ಗುಡಿ. ನಮ್ಮ ದೇವಾಲಯಗಳ ಹೊರಗೋಡೆಯಲ್ಲಿ ದೇವಕೋಷ್ಠ ಇರುತ್ತದಲ್ಲ, ಎರಡು ಕಂಬ, ಮೇಲೊಂದು ಶಿಖರ, ಹಾಗೆ. ಆದರೆ ಈ ಕೋಷ್ಠಗಳು ನೇರ ನಿಂತಿಲ್ಲ. ಗೋಡೆ ನೇರವಾಗಿದ್ದಲ್ಲಿ ಕಿಟಕಿಯ ಚೌಕಟ್ಟು ಒಳಕ್ಕೆ ಬಾಗಿದೆ. ನಡುವಿನ ಅಂಕಣದಲ್ಲಿ ಗೋಡೆಯೇ ಒಳಕ್ಕೆ ಬಾಗಿದೆ, ಅಲ್ಲಿ ಕಿಟಕಿ ಹೊರಕ್ಕೆ ಉಬ್ಬಿದೆ.

ಆ ಒಂದು ಕಿಟಕಿಯ ಕೆಳಗೆ ನಾನು ಬಹಳ ಹೊತ್ತು ನಿಂತೆ. ಬಾಗಿಲೂ ಅದರ ಕೆಳಗೇ. ಕೆಳಗಿನಿಂದ ನೋಡಿದರೆ ತಳದ ಕಲ್ಲು ನಮ್ಮ ಕಡೆ ಹೊಟ್ಟೆ ಚಾಚುತ್ತದೆ. ಅದರ ಮೇಲೆ ಲೋವೆ ಹಿಂದಕ್ಕೆ ಸರಿಯುತ್ತದೆ. ಉಸಿರು ಎಳೆದುಕೊಂಡ ಎದೆಯ ಮೇಲೆ ಪದಕ ಎದ್ದು ಕಾಣುವಂತೆ. ಬೀದಿಯಲ್ಲಿ ಬಿಸಿಲು ಬೀಳುವುದೇ ದಿನಕ್ಕೆ ಸ್ವಲ್ಪ ಹೊತ್ತು. ನಾವು ನಿಂತಾಗ ಬೆಳಕು ಮೇಲಿನಿಂದ ಓರೆಯಾಗಿ ಇಳಿದು, ಒಳಬಾಗಿದ ಕಡೆಗಳಲ್ಲೆಲ್ಲ ನೆರಳು ತುಂಬಿತ್ತು. ಕಲ್ಲಿನ ಬಣ್ಣ ನಮ್ಮಲ್ಲಿಯ ಹೊಸ ಜೋಳದ ರೊಟ್ಟಿಯದು, ಅಲ್ಲಲ್ಲಿ ಹೊಗೆ ಹಿಡಿದು ಕಂದು. ಎದುರು ನಿಂತು ನೋಡುವವನಿಗೆ ಈ ಬಾಗು ಬಳುಕು ಅಷ್ಟಾಗಿ ತಿಳಿಯದು. ಬದಿಯಿಂದ ಬರುವವನಿಗೆ ಪ್ರತಿ ಹೆಜ್ಜೆಗೂ ಒಂದು ಕಿಟಕಿ ಮರೆಯಾಗಿ ಇನ್ನೊಂದು ಮುಖ ತೋರುತ್ತದೆ. ಬೀದಿ ಇಕ್ಕಟ್ಟು ಎಂಬುದನ್ನು ಬೊರೊಮಿನಿ ಸಹಿಸಿಕೊಳ್ಳಲಿಲ್ಲ, ಅದನ್ನೇ ದುಡಿಸಿಕೊಂಡ.

ಈ ಮುಖಭಾಗ ಅವನ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು. 1667ರ ಆಗಸ್ಟ್‌ನಲ್ಲಿ, ನಿದ್ದೆಗೆಟ್ಟು, ದೀಪ ಕೊಡಲೊಲ್ಲದ ಆಳಿನ ಮೇಲೆ ಸಿಟ್ಟಾಗಿ, ತನ್ನ ಕತ್ತಿಯ ಮೇಲೆ ತಾನೇ ಬಿದ್ದ. ತಕ್ಷಣ ಸಾಯಲಿಲ್ಲ, ನಡೆದದ್ದನ್ನೆಲ್ಲ ಶಾಂತವಾಗಿ ಹೇಳಿ ಬರೆಸಿ ಆಮೇಲೆ ಸತ್ತ.

ಒಳಗೆ ಹೋಗಲು ಮುಂಚೆಯೇ ಹೇಳಿಟ್ಟಿರಬೇಕು. ಇದು ಈಗಲೂ ವ್ಯಾಟಿಕನ್ನಿನ ಕಚೇರಿ. ಇಟಲಿಯ ನೆಲದ ಮೇಲಿದ್ದರೂ 1929ರ ಒಪ್ಪಂದದ ಪ್ರಕಾರ ಅದಕ್ಕೆ ವಿಶೇಷ ಸ್ಥಾನ. ಮಂಡಳಿಯ ಹೆಸರು 1967ರಲ್ಲೂ 2022ರಲ್ಲೂ ಬದಲಾಯಿತು, ಊರವರ ಬಾಯಲ್ಲಿ ಮಾತ್ರ ಪ್ರೊಪಗಾಂದಾ. ಇದರ ಮುಖ್ಯಸ್ಥ ಕಾರ್ಡಿನಲ್‌ಗೆ 'ಕೆಂಪು ಪೋಪ್' ಎಂಬ ಅಡ್ಡಹೆಸರಿತ್ತು. ಕಾಲೇಜು ಇಲ್ಲಿಲ್ಲ; 1920ರ ದಶಕದಲ್ಲಿ ಅದನ್ನು ಜಾನಿಕೊಲೊ ಗುಡ್ಡಕ್ಕೆ ಸಾಗಿಸಿದರು. ಅಂದರೆ ಸುಮಾರು ಮುನ್ನೂರು ವರ್ಷ ಹುಡುಗರು ಈ ಕಿಟಕಿಗಳ ಹಿಂದೆ ಬದುಕಿದರು. ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್ ಕೂಡ ನಡುವಯಸ್ಸಿನಲ್ಲಿ ಕ್ಯಾಥೊಲಿಕನಾಗಿ ಇಲ್ಲಿಗೆ ಬಂದು ಹುಡುಗರ ಜೊತೆ ಇದ್ದು, 1847ರಲ್ಲಿ ಪಾದ್ರಿಯಾದ. ಹತ್ತೊಂಬತ್ತನೆಯ ಶತಮಾನದ ಮಹಾ ಬಹುಭಾಷಿಕ ಕಾರ್ಡಿನಲ್ ಮೆಜ್ಜೊಫಾಂತಿ ಹೊಸ ಭಾಷೆ ಬೇಕೆನಿಸಿದಾಗ ಬರುತ್ತಿದ್ದದ್ದೂ ಇಲ್ಲಿಗೇ. ಹುಡುಗರ ಜೊತೆ ಹರಟಿ ಹರಟಿಯೇ ಕಲಿಯುತ್ತಿದ್ದ. ಜ್ಞಾನಿಗಳ ಹಬ್ಬದ ಸುಮಾರಿಗೆ ಹುಡುಗರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಭಾಷೆಯಲ್ಲಿ ಪದ್ಯ ಹೇಳುವ ಕಾರ್ಯಕ್ರಮವೊಂದಿತ್ತು, ಅದನ್ನು ಕೇಳಲು ರೋಮಿನ ದೊಡ್ಡವರೆಲ್ಲ ಬರುತ್ತಿದ್ದರು.

ಬೊರೊಮಿನಿಯ ಇಗರ್ಜಿಗೆ ಕಾಲಿಟ್ಟಾಗ ಮೊದಲು ತಟ್ಟಿದ್ದು ಬಿಳುಪು. ಬಂಗಾರವಿಲ್ಲ, ಬಣ್ಣದ ಅಮೃತಶಿಲೆಯ ಆರ್ಭಟವಿಲ್ಲ. ಗಾರೆಯ ಕೆಲಸ. ಉದ್ದನೆಯ ಕೋಣೆ, ಮೂಲೆಗಳನ್ನು ಮೊಂಡು ಮಾಡಿದೆ. ಗೋಡೆಯುದ್ದಕ್ಕೂ ಎತ್ತರದ ಅರೆಗಂಬಗಳು, ಅವುಗಳ ನಡುವೆ ಚಿಕ್ಕ ಪೂಜಾಪೀಠಗಳು. ಬಲಿಪೀಠದ ಮೇಲಿನ ಮೂವರು ಜ್ಞಾನಿಗಳ ಚಿತ್ರ ಜಚಿಂತೊ ಜಿಮಿನ್ಯಾನಿಯದು, ಬೆರ್ನಿನಿಯ ಇಗರ್ಜಿಯ ಕಾಲದ್ದು. ಗೋಡೆ ಹೋದರೂ ಚಿತ್ರ ಉಳಿಯಿತು.

ಆಮೇಲೆ ತಲೆ ಎತ್ತಿದೆ. ಸಾಮಾನ್ಯವಾಗಿ ಇಂಥ ಕಟ್ಟಡದಲ್ಲಿ ಕಂಬ ಎದ್ದು ಬಂದು ಒಂದು ದಪ್ಪ ಅಡ್ಡಪಟ್ಟಿಗೆ ತಲೆ ಕೊಡುತ್ತದೆ, ಅಲ್ಲಿಂದ ಮೇಲೆ ಛಾವಣಿಯ ಕಥೆ ಬೇರೆ. ಇಲ್ಲಿ ಅರೆಗಂಬ ನಿಲ್ಲುವುದಿಲ್ಲ. ಅದೇ ಅಗಲದ ಪಟ್ಟಿಯಾಗಿ ಛಾವಣಿಯೊಳಕ್ಕೆ ಬಾಗಿ, ಓರೆಯಾಗಿ ಹರಿದು, ಎದುರುಬದಿಯ ಇನ್ನೊಂದು ಅರೆಗಂಬವಾಗಿ ಇಳಿಯುತ್ತದೆ. ಉದ್ದಗೋಡೆಯ ನಡುವಿನಿಂದ ಹೊರಟದ್ದು ಮೂಲೆಗೆ, ಮೂಲೆಯಿಂದ ಹೊರಟದ್ದು ಆಚೆ ಗೋಡೆಯ ನಡುವಿಗೆ. ಒಂದನ್ನೊಂದು ದಾಟುತ್ತ ಇಡೀ ಕೋಣೆಯನ್ನು ಹೊರಸಿನ ನುಲಿಯಂತೆ ಹೆಣೆದಿವೆ.

ನನಗೆ ಊರು ನೆನಪಾಯಿತು. ಗೋಳಗುಮ್ಮಟದ ಒಳಗೆ ನಿಂತು ಗುಮ್ಮಟ ನೋಡುವವರು ಬಹಳ, ಅದರ ಕೆಳಗಿನ ಕಮಾನುಗಳನ್ನು ನೋಡುವವರು ಕಡಿಮೆ. ಒಂದು ಚೌಕದ ಮೇಲೆ ಇನ್ನೊಂದು ಚೌಕ ತಿರುಗಿಸಿಟ್ಟಂತೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗಿ, ಆ ಹೆಣಿಗೆಯ ಮೇಲೆ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ ಕೂತಿದೆ. 1656ರಲ್ಲಿ ಮುಹಮ್ಮದ್ ಆದಿಲ್ ಶಾಹಿ ಸತ್ತು ಅದರೊಳಗೆ ಮಲಗಿದ. ನಾಲ್ಕೇ ವರ್ಷಕ್ಕೆ ಇಲ್ಲಿ ಬೊರೊಮಿನಿ ಈ ಪಟ್ಟಿಗಳನ್ನು ಹೆಣೆಯಲು ಕೂತ. ಒಬ್ಬರ ಸುದ್ದಿ ಒಬ್ಬರಿಗೆ ಇದ್ದಿರಲಾರದು. ಅಲ್ಲಿಯ ಕಮಾನು ಬೆಟ್ಟದಂಥ ಭಾರ ಹೊತ್ತಿದೆ, ಇಲ್ಲಿಯ ಪಟ್ಟಿ ಹೊತ್ತೊಯ್ಯುವುದು ಮುಖ್ಯವಾಗಿ ನಮ್ಮ ಕಣ್ಣನ್ನು. ಆದರೂ ಒಂದು ಬದಿಯಿಂದ ಇನ್ನೊಂದು ಬದಿಗೆ ಓರೆಯಾಗಿ ಗೆರೆ ಎಳೆದು ಗೋಡೆಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಯೋಚನೆ ಒಂದೇ ಕಾಲಕ್ಕೆ ಎರಡು ಊರಲ್ಲಿ ಹುಟ್ಟಿತ್ತು.

ಫಾದರ್‌ಗೆ ಇದನ್ನು ಹೇಳಿದೆ. "ಹಾಗಾದ್ರೆ ಈಗ ಹೇಳಬಹುದು" ಎಂದು ಬೆಂಚಿನ ಮೇಲೆ ಕೂತರು. "ಮತ್ತೆಯುಸ್ ಡಿ ಕಾಸ್ಟ್ರೊ ಅಂತ ಕೇಳಿದ್ದೀರಾ? ನಿಮ್ಮೂರ ಬಿಷಪ್ರು."

ಕೇಳಿರಲಿಲ್ಲ. ಗೋವೆಯ ದಿವಾರ್ ದ್ವೀಪದ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನದವನು. ಪಾದ್ರಿಯಾಗಬೇಕೆಂದರೆ ಗೋವೆಯ ಪೋರ್ಚುಗೀಸ್ ಆರ್ಚ್‌ಬಿಷಪ್ ಒಪ್ಪಲಿಲ್ಲ. ಪೋರ್ಚುಗಲ್ಲಿನ ರಾಜನಿಗೆ ಪೋಪರು ಹಿಂದೆಯೇ ಕೊಟ್ಟ ಹಕ್ಕಿತ್ತು: ಪೂರ್ವದೇಶಗಳ ಇಗರ್ಜಿಗಳೆಲ್ಲ ಅವನ ಆಡಳಿತಕ್ಕೆ, ನೇಮಕವೂ ಅವನದೇ. ಮತ್ತೆಯುಸ್ ನೆಲದ ಹಾದಿ ಹಿಡಿದು 1620ರ ದಶಕದಲ್ಲಿ ರೋಮಿಗೆ ಬಂದ. ಪ್ರೊಪಗಾಂದಾದ ಮೊದಲ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೊಲಿಗೆ ಇಂಥವನೇ ಬೇಕಿದ್ದ. (ಈ ಇಂಗೊಲಿಯೇ 1616ರಲ್ಲಿ, ಭೂಮಿ ತಿರುಗುವುದಿಲ್ಲ ಎಂದು ಗೆಲಿಲಿಯೊಗೆ ಬರೆದು ವಾದ ಹೂಡಿದವನು. ಆಕಾಶದ ವಿಷಯದಲ್ಲಿ ತಪ್ಪಿದ, ಭೂಮಿಯ ಮೇಲಿನ ಜನರ ವಿಷಯದಲ್ಲಿ ಕಣ್ಣು ಚುರುಕಾಗಿತ್ತು.) ಆಯಾ ನಾಡಿನವರೇ ಪಾದ್ರಿಗಳಾಗದೆ ಇದು ನಿಲ್ಲುವುದಿಲ್ಲ, ರಾಜರ ಹಿಡಿತದಿಂದ ಮಿಶನ್ನನ್ನು ಬಿಡಿಸಬೇಕು ಎಂಬುದು ಅವನ ಹಟ. ಮತ್ತೆಯುಸ್ ಓದಿದ, ಪಾದ್ರಿಯಾದ, 1637ರಲ್ಲಿ ಬಿಷಪ್ ಪಟ್ಟವನ್ನೂ ಪಡೆದ. ಭಾರತದವನೊಬ್ಬ ಲ್ಯಾಟಿನ್ ವಿಧಿಯಲ್ಲಿ ಬಿಷಪ್ ಆದದ್ದು ಅದೇ ಮೊದಲು. ಅವನಿಗೆ ವಹಿಸಿದ ಸೀಮೆಯ ಹೆಸರು ಇದಲ್ಕಾನ್.

"ಇದಲ್ಕಾನ್?"

"ಆದಿಲ್ ಖಾನ್. ಪೋರ್ಚುಗೀಸರ ನಾಲಗೆಗೆ ಹಾಗೆ ಬಂತು. ಬಿಜಾಪುರ ಮಾರಾಯ್ರೆ!"

ಫಾದರ್ ನಕ್ಕಿದ್ದು ಇದಕ್ಕೆ. ಗೋವೆಯೊಳಗೆ ಕಾಲಿಡಲು ಪೋರ್ಚುಗೀಸರು ಬಿಡದ್ದರಿಂದ ಮತ್ತೆಯುಸ್ ಗಡಿಯಾಚೆ ಆದಿಲ್ ಶಾಹಿ ನೆಲವಾಗಿದ್ದ ಡಿಚೋಲಿಯಲ್ಲಿ ನೆಲೆ ಮಾಡಿ ಅಲ್ಲಿಂದಲೇ ಸ್ಥಳೀಯರಿಗೆ ಗುರುದೀಕ್ಷೆ ಕೊಟ್ಟ. ಪೋರ್ಚುಗೀಸರನ್ನು ಬೈದು ಗೋವೆಯ ಬ್ರಾಹ್ಮಣ ಕ್ರೈಸ್ತರಿಗೆ ಬರೆದ. ಬಿಜಾಪುರದ ಸೈನ್ಯವನ್ನು ಗೋವೆಯ ಮೇಲೆ ಎತ್ತಿಕಟ್ಟಿದನೆಂಬ ಆಪಾದನೆಯನ್ನೂ ಹೊತ್ತ. 1660ರ ಹೊತ್ತಿಗೆ ರೋಮಿಗೆ ಮರಳಿದ್ದ, 1677ರಲ್ಲಿ ಇಲ್ಲಿಯೇ ತೀರಿಕೊಂಡ.

ಅಂದರೆ ಈ ಪಟ್ಟಿಗಳಿಗೆ ಗಾರೆ ಮೆತ್ತುವಾಗ, ಹೊರಗೆ ಆ ಉಬ್ಬು ಕಿಟಕಿಯ ಕಲ್ಲು ಮೇಲೇರುವಾಗ, ಗೋಳಗುಮ್ಮಟದ ಒಡೆಯನ ನಾಡಿಗೆ ಬಿಷಪ್ ಆಗಿದ್ದವನು ಇದೇ ಊರಲ್ಲಿದ್ದ. ಅವನು ಅದನ್ನು ನಿಂತು ನೋಡಿದನೋ, ಧೂಳಿಗೆ ಮೂಗು ಮುಚ್ಚಿ ದಾಟಿಹೋದನೋ. ನಾನು ಈ ತನಕ ಇಬ್ಬರು ಶಿಲ್ಪಿಗಳ ಜಗಳವನ್ನಷ್ಟೇ ತಲೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಬೆಂಚಿನ ಮೇಲೆ ಕೂತ ಮೇಲೆ ಕಟ್ಟಡ ಇನ್ನೊಂದು ಬದಿಯಿಂದ ಕಂಡಿತು.

1659ರಲ್ಲಿ ಇಲ್ಲಿಂದ ಏಷ್ಯಕ್ಕೆ ಹೊರಟ ಮಿಶನರಿಗಳಿಗೆ ಒಂದು ಸೂಚನಾಪತ್ರ ಹೋಯಿತು. ಜನರ ನಡೆನುಡಿ ಬದಲಿಸಲು ಹೋಗಬೇಡಿ, ಯುರೋಪನ್ನು ಹೊತ್ತುಕೊಂಡು ಹೋಗಿ ಅಲ್ಲಿ ಇಳಿಸಬೇಡಿ ಎಂಬುದು ಅದರ ತಿರುಳು. ಆ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ ಬಳ್ಳಿಯನ್ನು ತಾಯಿಯಿಂದ ಕತ್ತರಿಸುವ ಹೊತ್ತು ಬಂದಾಗ ಈ ಮನೆಯ ಕೈಯೂ ತಡವರಿಸಿತು. ಹುಡುಗನಾಗಿದ್ದಾಗ ಇದೇ ಕಾಲೇಜಿನಲ್ಲಿ ಓದಿಹೋಗಿದ್ದ ಕೇರಳದ ಕರಿಯಾಟ್ಟಿಲ್ ಜೋಸೆಫ್ ಕತ್ತನಾರ್, ಗೆಳೆಯ ಪಾರೆಮ್ಮಾಕ್ಕಲ್ ತೋಮಾ ಕತ್ತನಾರ್ ಜೊತೆ 1780ರಲ್ಲಿ ಮಲಬಾರಿನ ಕ್ರೈಸ್ತರ ಅಹವಾಲು ಹಿಡಿದು ಈ ಬಾಗಿಲಿಗೆ ಬಂದ. ಸಿಕ್ಕಿದ್ದು ತಣ್ಣನೆಯ ಸ್ವಾಗತ. ವಿದೇಶಿ ಮಿಶನರಿಗಳ ದೂರು ಇವರಿಗಿಂತ ಮೊದಲೇ ಬಂದು ಕೂತಿತ್ತು. ಆ ಅವಮಾನವನ್ನು ಪಾರೆಮ್ಮಾಕ್ಕಲ್ ಮಲಯಾಳದಲ್ಲಿ ಬರೆದಿಟ್ಟ 'ವರ್ತಮಾನಪ್ಪುಸ್ತಕಂ' ಭಾರತೀಯ ಭಾಷೆಗಳ ಮೊದಲ ಪ್ರವಾಸಕಥನ ಎನ್ನುತ್ತಾರೆ.

ಮಲಯಾಳಕ್ಕೆ ಈ ಮನೆಯ ಜೊತೆ ಇನ್ನೊಂದು ಲೆಕ್ಕವೂ ಇದೆ. 1626ರಿಂದ ಇಲ್ಲಿದ್ದ ಅಚ್ಚುಕೂಟ ಹತ್ತಾರು ಲಿಪಿಗಳ ಅಚ್ಚುಮೊಳೆ ಎರಕ ಹೊಯ್ದಿತ್ತು. ಪೂರ್ತಿ ಮಲಯಾಳ ಅಕ್ಷರದಲ್ಲಿ ಅಚ್ಚಾದ ಮೊದಲ ಪುಸ್ತಕ 'ಸಂಕ್ಷೇಪವೇದಾರ್ಥಂ' 1772ರಲ್ಲಿ ಹೊರಬಂದದ್ದು ಕೊಚ್ಚಿಯಲ್ಲೂ ಅಲ್ಲ, ಕೋಟ್ಟಯಂನಲ್ಲೂ ಅಲ್ಲ, ಈ ಊರಲ್ಲಿ. ಯುರೋಪಿನಲ್ಲಿ ಅಚ್ಚಾದ ಮೊದಲ ಸಂಸ್ಕೃತ ವ್ಯಾಕರಣ 'ಸಿದರೂಬಂ' ಕೂಡ 1790ರಲ್ಲಿ ಈ ಅಚ್ಚುಕೂಟದ್ದೇ. ಮಿಶನರಿ ಅಚ್ಚುಕೂಟ ಎಂದರೆ ನಮಗೆ ಮಂಗಳೂರಿನ ಬಾಸೆಲ್ ಮಿಶನ್, 1843ರ 'ಮಂಗಳೂರ ಸಮಾಚಾರ' ನೆನಪಾಗುತ್ತದೆ. ಅವರು ಪ್ರಾಟೆಸ್ಟಂಟರು, ಅದು ಬೇರೆ ಬಳ್ಳಿ. ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ದಂಡೆತ್ತಿ ಹೋಗುವಾಗ ಇಲ್ಲಿಯ ಅರಬಿ ಮೊಳೆಗಳನ್ನು ಹೊತ್ತೊಯ್ದ. ಕೈರೋದಲ್ಲಿ ಅವನ ಪ್ರಕಟಣೆಗಳು ಅಚ್ಚಾದದ್ದು ಪೋಪನ ಅಕ್ಷರದಲ್ಲಿ. 'ಪ್ರೊಪಗಾಂದಾ' ಇಂದಿನ ಅರ್ಥಕ್ಕೆ ತಿರುಗಿದ್ದು ಅಲ್ಲಿಯೇ ಇರಬೇಕು ಎಂದು ತಮಾಷೆ ಮಾಡಿದೆ. ಫಾದರ್ ನಗಲಿಲ್ಲ.

ಹೊರಗೆ ಬಂದು, ಬೀದಿಯ ಕೊನೆಯಲ್ಲಿ ಅಡ್ಡ ಸಿಗುವ ಸಾಂತ್ ಆಂದ್ರೆಯಾ ದೆಲ್ಲೆ ಫ್ರಾತ್ತೆ ಇಗರ್ಜಿಗೆ ಒಂದು ಸುತ್ತು ಹಾಕಿದೆವು. ಹೊರಗಿನ ಗಂಟೆಗೋಪುರ, ಗಿಲಾವು ಕಾಣದ ಒರಟು ಇಟ್ಟಿಗೆಯ ಗುಮ್ಮಟದ ಕತ್ತು ಬೊರೊಮಿನಿಯವು. ಒಳಗೆ, ಬಲಿಪೀಠದ ಎರಡು ಬದಿ, ಬೆರ್ನಿನಿಯ ಇಬ್ಬರು ದೇವದೂತರು. ಒಬ್ಬನ ಕೈಯಲ್ಲಿ ಮುಳ್ಳಿನ ಕಿರೀಟ, ಇನ್ನೊಬ್ಬನ ಕೈಯಲ್ಲಿ ಸುರುಳಿ. ತೀಬರ್ ನದಿಯ ಸೇತುವೆಗೆಂದು ಕೆತ್ತಿದವು. ಮಳೆಗಾಳಿಗೆ ಇಡಲು ಮನಸ್ಸಾಗದೆ ನಕಲು ಮಾಡಿಸಿ ಅಲ್ಲಿಟ್ಟರು, ಮೂಲದವು ಬೆರ್ನಿನಿಯ ಮನೆಯವರಿಂದ ಮುಂದೆ ಇಲ್ಲಿಗೆ ಬಂದವು. ಬಟ್ಟೆಯ ಮಡಿಕೆಗಳಲ್ಲಿ ಇನ್ನೂ ಗಾಳಿ ಇದೆ. ಬೆಳಿಗ್ಗೆ ಅನ್ನ ಸಾರು ಎಂದದ್ದನ್ನು ಹಿಂದಕ್ಕೆ ಪಡೆದೆ.

ಮೆಟ್ಟಿಲ ಬಳಿ ಫಾದರ್ ಗಡಿಯಾರ ನೋಡಿಕೊಂಡರು. ಜಾನಿಕೊಲೊ ಗುಡ್ಡದಲ್ಲಿ ಅವರಿಗೆ ತರಗತಿ ಇತ್ತು.

"ನಿಮ್ಮಲ್ಲಿ ಮತ್ತೆಯುಸ್ ಬಿಷಪ್ರದ್ದು ಏನಾದ್ರೂ ಉಂಟಾ, ಗುರುತು?"

ನಾನು ಕಂಡ ಹಾಗೆ ಏನೂ ಇಲ್ಲ ಎಂದೆ.

"ನಮ್ಮಲ್ಲಿ ಉಂಟು. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ. 1680ರದ್ದು, ಕಟ್ಟಿಸಿದ್ದು ಥಾಮಸ್ ಡಿ ಕಾಸ್ಟ್ರೊ ಅಂತ. ಇವರ ಕಡೆಯವರೇ, ಅದೇ ದಿವಾರ್. ಇಲ್ಲಿಂದಲೇ ಕೆನರಾಕ್ಕೆ ನೇಮಕ ಆಗಿ ಬಂದದ್ದು, ಕೆಳದಿ ಚೆನ್ನಮ್ಮನ ಕಾಲದಲ್ಲಿ. ಶಾಲೆಗೆ ಹೋಗುವಾಗ ದಿನಾ ನಾನು ಬಸ್ ಇಳೀತಿದ್ದದ್ದು ಅದರ ಹತ್ರ. ಯಾರು ಕಟ್ಟಿಸಿದ್ದು ಅಂತ ಒಂದು ದಿನ ಕೇಳಲಿಲ್ಲ ನೋಡಿ."

ಬರ್ತೇನೆ ಎಂದು ಚೀಲ ಹೆಗಲಿಗೇರಿಸಿ ಹೊರಟರು. ಬೆರ್ನಿನಿಯ ಹಳೆಯ ಮನೆಯ ಕಡೆಗೆ ತಿರುಗಿ ಮರೆಯಾದರು. ನಾನು ಮೂಲೆಯಲ್ಲಿ ನಿಂತು ಬಂದ ಬೀದಿಯನ್ನು ಒಮ್ಮೆ ನೋಡಿದೆ. ಬಿಸಿಲು ಹೋಗಿತ್ತು. ಅರಮನೆಯ ಗೋಡೆ ಓರೆಯಾಗಿ ದೂರಕ್ಕೆ ಸರಿದಿತ್ತು, ಕಿಟಕಿಗಳು ಒಂದರ ಹಿಂದೊಂದು ಒತ್ತೊತ್ತಾಗಿ ಕೂಡಿಕೊಂಡಿದ್ದವು, ನಡುವಿನದು ಮಾತ್ರ ಸ್ವಲ್ಪ ಮುಂದೆ ಬಂದು. ಎಣಿಸಿದೆ. ಇಲ್ಲಿಂದ ಏಳೂ ಕಂಡವು.